ಒಂದೂವರೆ ಪುಟದ ಒಪ್ಪಂದ, 300 ಮಿಲಿಮೀಟರ್ ಇಳಿದ ಬೀಮು

ಆರ್ಕಿಟೆಕ್ಟಾಗಿ ಒಂದು ಮನೆಗೆ ನಾನು ಮಾಡಿಕೊಂಡ ಒಪ್ಪಂದ ಒಂದೂವರೆ ಪುಟ. ಬರೆದವನೂ ನಾನೇ. ಹಿಂದಿನ ಕೆಲಸದ ಫೈಲ್ ತೆರೆದು ಹೆಸರು ಬದಲಿಸಿ, ಸೈಟಿನ ಅಳತೆ ತಿದ್ದಿ, ಶುಲ್ಕದ ಅಂಕಿ ಹಾಕಿ ಪ್ರಿಂಟ್ ತೆಗೆದಿದ್ದೆ. ಅದರಲ್ಲಿದ್ದ ಕೆಲಸದ ವಿವರಣೆ ಇಷ್ಟೇ: ‘ಸ್ಟ್ರಕ್ಚರಲ್ ನಕ್ಷೆಗಳನ್ನು ಹೊರತುಪಡಿಸಿ ಮನೆಗೆ ಬೇಕಾದ ಎಲ್ಲ ನಕ್ಷೆಗಳನ್ನು ಒದಗಿಸುವುದು ಮತ್ತು ಮೇಲ್ವಿಚಾರಣೆ ಮಾಡುವುದು.’ ಮಾಲೀಕರು ಓದಿ, ‘ಇಷ್ಟೇ ಸಾಕಲ್ವಾ ಸಾರ್, ನಂಬಿಕೆ ಮುಖ್ಯ’ ಅಂದರು. ನಾನೂ ತಲೆಯಾಡಿಸಿದೆ. ನಂಬಿಕೆಗೆ ಇಬ್ಬರಲ್ಲೂ ಕೊರತೆ ಇರಲಿಲ್ಲ. ‘ಎಲ್ಲ’ ಅಂದರೆ ಯಾವುದು, ‘ಮೇಲ್ವಿಚಾರಣೆ’ ಅಂದರೆ ಎಷ್ಟು ಅನ್ನುವುದನ್ನು ಮಾತ್ರ ಇಬ್ಬರೂ ಕೇಳಿಕೊಳ್ಳಲಿಲ್ಲ.

ಆ ಮನೆಯಲ್ಲಿ ಕೆಟ್ಟಿದ್ದು ಮೆಟ್ಟಿಲು. ಮಾಲೀಕರಿಗೆ ಮೊಣಕಾಲಿನ ತೊಂದರೆ ಇತ್ತು. ಮೊದಲ ಭೇಟಿಯಲ್ಲೇ, ‘ಬೇರೆ ಏನಾದರೂ ಮಾಡಿ, ಮೆಟ್ಟಿಲು ಮಾತ್ರ ಆರಾಮಾಗಿರಲಿ’ ಅಂದಿದ್ದರು. ಹಾಗಾಗಿ ಪಾದ ಇಡುವ ಅಗಲ 300 ಮಿಲಿಮೀಟರ್, ಎತ್ತರ 150 ಇಟ್ಟು ಬರೆದಿದ್ದೆ. ಮೆಟ್ಟಿಲಿಗಾಗಿ ಮೇಲಿನ ಸ್ಲ್ಯಾಬಿನಲ್ಲಿ ಬಿಟ್ಟ ತೆರವು ಮುಗಿಯುವ ಅಂಚಿನಲ್ಲಿ ತಲೆಗೆ 2150 ಮಿಲಿಮೀಟರ್ ಜಾಗ ಸಿಗುವ ಲೆಕ್ಕ. ಅಲ್ಲಿ ಬರೋದು 150 ದಪ್ಪದ ಸ್ಲ್ಯಾಬ್ ಮಾತ್ರ ಅಂತ ನಾನು ಎಣಿಸಿದ್ದೆ.

ಬೀಮು, ಸ್ಲ್ಯಾಬುಗಳ ಬಲದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರನ್ನು ಮಾಲೀಕರೇ ಗೊತ್ತುಮಾಡಿದ್ದರು. ದುಡ್ಡು ಕೊಡುವವರೂ ಅವರೇ. ಆ ಇಂಜಿನಿಯರ್ ತೆರವಿನ ಅಂಚಿಗೆ 450 ಆಳದ ಬೀಮ್ ಹಾಕಿದರು. ಅವರ ಲೆಕ್ಕ ತಪ್ಪೇನಲ್ಲ, ಅಲ್ಲಿ ಬೀಮ್ ಬೇಕೇ ಬೇಕಿತ್ತು. ಹಾಳೆ ಅವರಿಂದ ನೇರ ಕಂಟ್ರಾಕ್ಟರ್ ಫೋನಿಗೆ ಹೋಯಿತು, ಫೋನಿನಿಂದ ಕಬ್ಬಿಣ ಕಟ್ಟುವ ಬಾರ್ ಬೆಂಡರ್ ಕೈಗೆ. ನನ್ನ ಹಾಳೆಯ ಮೇಲೆ ಅವರ ಹಾಳೆ ಇಟ್ಟು ನೋಡಬೇಕಾದವರು ಯಾರು ಅಂತ ಎರಡು ಒಪ್ಪಂದದಲ್ಲೂ ಒಂದು ಸಾಲಿಲ್ಲ. ನನ್ನದರಲ್ಲಿ ‘ಸ್ಟ್ರಕ್ಚರಲ್ ನಕ್ಷೆಗಳನ್ನು ಹೊರತುಪಡಿಸಿ’ ಅಂತಿತ್ತು. ಅವರ ಕೊಟೇಶನ್ನಿನಲ್ಲಿ ‘ಆರ್ಕಿಟೆಕ್ಟ್ ನಕ್ಷೆಯ ಪ್ರಕಾರ’ ಅಂತಿತ್ತು. ಇಬ್ಬರೂ ಬಚಾವ್.

ಕಾಂಕ್ರೀಟಿಗೆ ಆಧಾರ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದ ದಿನ ಮೇಸ್ತ್ರಿ ಫೋನ್ ಮಾಡಿ, ‘ಸಾರ್, ಒಂದ್ಸಲ ಬಂದು ಹೋಗಿ’ ಅಂದ. ಅಷ್ಟರಲ್ಲೇ ಏನೋ ಆಗಿದೆ ಅಂತ ಗೊತ್ತಾಯಿತು. ಎಲ್ಲ ಸರಿ ಇದ್ದಾಗ ಆತ ಫೋನ್ ಮಾಡುವವನಲ್ಲ. ಹೋದೆ. ಮೆಟ್ಟಿಲು ಬರಬೇಕಾದ ಗೋಡೆಯ ಮೇಲೆ ಚಾಕ್ ಗೆರೆ ಎಳೆದು, ಆ ಮಟ್ಟಕ್ಕೆ ಹಲಗೆ ಕಟ್ಟಿ ಅದರ ಮೇಲೆ ತನ್ನ ಹುಡುಗನನ್ನು ನಿಲ್ಲಿಸಿದ್ದ. ಹುಡುಗನ ನೆತ್ತಿಗೂ ಬೀಮಿನ ತಳಕ್ಕೂ ನಡುವೆ ಅಂಗೈ ತೂರಿಸುವಷ್ಟು ಜಾಗ. ಟೇಪ್ ಹಿಡಿದರೆ 1850. ನನ್ನ ಲೆಕ್ಕಕ್ಕಿಂತ ಸರಿಯಾಗಿ 300 ಕಮ್ಮಿ.

ಕಬ್ಬಿಣ ಕಟ್ಟುವ ಮೊದಲೇ ಕಂಡಿದ್ದರೆ ಇದು ಐದು ನಿಮಿಷದ ಕೆಲಸ. ಬೀಮನ್ನು ಸ್ಲ್ಯಾಬಿನ ಕೆಳಗೆ ಇಳಿಬಿಡದೆ ಮೇಲಕ್ಕೆ ಎತ್ತಬಹುದಿತ್ತು. ಮೇಲೆ ಹೇಗೂ ರೇಲಿಂಗ್ ಬರುವ ಜಾಗ; 300 ಎತ್ತರದ ಕಟ್ಟೆ ಅದರ ಬುಡಕ್ಕೆ ಸೇರಿಹೋಗುತ್ತಿತ್ತು. ಕಾಂಕ್ರೀಟ್ ಬಿದ್ದ ಮೇಲೆ ಬೀಮ್ ಒಡೆಯುವ ಮಾತೇ ಇಲ್ಲ. ಕೊನೆಗೆ ಪಾದ ಇಡುವ ಅಗಲವನ್ನು 300ರಿಂದ 260ಕ್ಕೆ ಇಳಿಸಿದೆವು. ತೆರವಿನ ಉದ್ದದಲ್ಲೇ ಎರಡು ಮೆಟ್ಟಿಲು ಹೆಚ್ಚಾಗಿ ಕೂತವು, ತಲೆಗೆ ಜಾಗ ಸಿಕ್ಕಿತು. ಆರಾಮದ ಮೆಟ್ಟಿಲು ಕೇಳಿದ್ದ ಮನುಷ್ಯ ಈಗ ರೇಲಿಂಗ್ ಹಿಡಿದು ಪಾದವನ್ನು ಓರೆ ಮಾಡಿಕೊಂಡು ಇಳಿಯುತ್ತಾರೆ.

ಜಗಳ ಶುರುವಾಗಿದ್ದು ಆಮೇಲೆ. ‘ಮೇಲ್ವಿಚಾರಣೆ ನಿಮ್ಮದಲ್ವಾ?’ ಅನ್ನುವುದು ಮಾಲೀಕರ ಪ್ರಶ್ನೆ. ಅವರ ಮನಸ್ಸಿನಲ್ಲಿ ಆ ಪದಕ್ಕೆ ದಿನಾ ಬಂದು ನಿಂತು ನೋಡುವವನು ಅಂತ ಅರ್ಥ. ನನ್ನ ಮನಸ್ಸಿನಲ್ಲಿ ಹದಿನೈದು ದಿನಕ್ಕೊಮ್ಮೆ ಬಂದು ನಕ್ಷೆಯಂತೆ ನಡೆದಿದೆಯಾ ನೋಡುವುದು. ಕಂಟ್ರಾಕ್ಟರ್ ಮನಸ್ಸಿನಲ್ಲಿ, ಏನಾದರೂ ಕೆಟ್ಟರೆ ಬೊಟ್ಟು ಮಾಡಿ ತೋರಿಸಲು ಇರುವ ಮನುಷ್ಯ. ಒಂದೇ ಪದ, ಮೂರು ಕೆಲಸ.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಪ್ಲಾನ್ ಮಂಜೂರಾಗುವ ಹೊತ್ತಿಗೆ ನನಗೆ ಶುಲ್ಕದ ನೂರಕ್ಕೆ 80 ಪಾಲು ಬಂದಾಗಿತ್ತು. ಉಳಿದ 20ರಲ್ಲಿ ಸೈಟಿನಲ್ಲಿ ಕಟ್ಟಲು ಬೇಕಾದ ವಿವರವಾದ ನಕ್ಷೆ (ವರ್ಕಿಂಗ್ ಡ್ರಾಯಿಂಗ್), ಡೀಟೇಲ್, ಸೈಟ್ ಭೇಟಿ ಎಲ್ಲ ಮುಗಿಸಬೇಕು. ಆ ಕಂತುಗಳನ್ನು ಹಾಕಿದವನೂ ನಾನೇ, ಕಚೇರಿ ಬಾಡಿಗೆಯ ಭಯದಲ್ಲಿ. ಅದರ ಫಲ ಏನೆಂದರೆ, ಕೆಲಸ ಅತಿ ಹೆಚ್ಚಿರುವ ಹೊತ್ತಿಗೆ ದುಡ್ಡು ಅತಿ ಕಮ್ಮಿ. ಹೊಸ ಕೆಲಸ ಬಂದಾಗ ಹಳೆಯ ಸೈಟಿನ ಫೋನ್ ಎತ್ತಲು ಕೈ ತಡವರಿಸುತ್ತದೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ನನಗೂ ಹಾಗೇ ಆಗಿತ್ತು. ಮಾಲೀಕರು ಉಳಿದ 20 ತಡೆಹಿಡಿದರು, ನಾನು ಹೋಗೋದು ನಿಲ್ಲಿಸಿದೆ. ಸೈಟ್ ಏಳು ವಾರ ನಿಂತಿತು. ಕಾಲಂ ತುದಿಯ ಕಬ್ಬಿಣ ಮಳೆಗೆ ತುಕ್ಕು ಹಿಡಿಯಿತು, ಮೇಸ್ತ್ರಿಯ ತಂಡ ಬೇರೆ ಕೆಲಸಕ್ಕೆ ಹೋಯಿತು. ಮಧ್ಯಸ್ಥಿಕೆ ಹೇಗೆ, ಯಾರ ಮುಂದೆ ಅಂತ ಒಪ್ಪಂದದಲ್ಲಿ ಇರಲಿಲ್ಲವಾದ್ದರಿಂದ ಕೊನೆಗೆ ಇಬ್ಬರಿಗೂ ಪರಿಚಯವಿದ್ದ ಹಿರಿಯ ಇಂಜಿನಿಯರೊಬ್ಬರು ಕೂರಿಸಿ ಮಾತಾಡಿಸಿದರು.

ಆಮೇಲೆ ಒಂದು ತಿಂಗಳು ಕೂತು ಒಪ್ಪಂದವನ್ನು ಮೊದಲಿಂದ ಬರೆದೆ. ಮಾದರಿಗಳಿಗೆ ಬರವಿಲ್ಲ. ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆ ಆರ್‌ಐಬಿಎ ಮಾಡಿದ ಕೆಲಸದ ಹಂತಗಳ ಪಟ್ಟಿ, ಪ್ಲಾನ್ ಆಫ್ ವರ್ಕ್, 1963ರಿಂದ ಇದೆ. ಅದರ 2020ರ ಆವೃತ್ತಿ ಕಟ್ಟಡದ ಇಡೀ ಕೆಲಸವನ್ನು 0ಯಿಂದ 7ರವರೆಗೆ ಎಂಟು ಹಂತ ಮಾಡಿದೆ. ಹಂತ 4 ತಾಂತ್ರಿಕ ವಿನ್ಯಾಸ, ಹಂತ 5 ತಯಾರಿಕೆ ಮತ್ತು ನಿರ್ಮಾಣ. ಆ ಪಟ್ಟಿ ಓದುವಾಗ ನನಗೆ ಹೊಳೆದದ್ದು, ನನ್ನ ಒಂದೂವರೆ ಪುಟ ಹಂತ 3ಕ್ಕೇ ಉಸಿರು ಬಿಟ್ಟಿತ್ತು. ಸಣ್ಣ ಮನೆಗೆ ಆ ಮಾದರಿಗಳನ್ನು ಇಡಿಯಾಗಿ ತಂದರೆ ಮಾಲೀಕರು ಹೆದರಿ ಓಡುತ್ತಾರೆ. ಬೇಕಾದ್ದನ್ನು ಆರಿಸಿಕೊಂಡೆ. ಹನ್ನೊಂದು ಪುಟ ಆಯಿತು.

‘ಎಲ್ಲ ನಕ್ಷೆಗಳು’ ಹೋಗಿ ಹಾಳೆಗಳ ಪಟ್ಟಿ ಬಂತು: ಸೆಂಟರ್ ಲೈನ್, 1:50ರ ವರ್ಕಿಂಗ್ ಪ್ಲಾನ್, ಸೆಕ್ಷನ್, ಬಾಗಿಲು ಕಿಟಕಿಯ ಪಟ್ಟಿ, ಸ್ನಾನದ ಮನೆಯ ಟೈಲ್ ಮತ್ತು ಪೈಪ್ ಹಾಳೆ 1:20ರಲ್ಲಿ. ಪಟ್ಟಿಯಲ್ಲಿ ಇಲ್ಲದ್ದು ಬೇಕಾದರೆ ಬೇರೆ ಶುಲ್ಕ. ‘ಮೇಲ್ವಿಚಾರಣೆ’ ಅನ್ನುವ ಪದವನ್ನು ಕಿತ್ತುಹಾಕಿದೆ. ಬದಲಿಗೆ ಭೇಟಿಗಳು: ಫೂಟಿಂಗ್ ಗುಂಡಿ ತೋಡಿದ ಮೇಲೆ, ಪ್ಲಿಂತ್ ಮಟ್ಟದಲ್ಲಿ, ಪ್ರತಿ ಸ್ಲ್ಯಾಬಿಗೂ ಕಾಂಕ್ರೀಟ್ ಹಾಕುವ ಎರಡು ದಿನ ಮೊದಲು. ಎರಡು ದಿನ ಮೊದಲು ಅಂತ ಒತ್ತಿ ಬರೆಯಲು ಕಾರಣವಿದೆ. ಮಿಕ್ಸರ್ ತಿರುಗುತ್ತಿರುವಾಗ ಹೋಗಿ ತಪ್ಪು ಹಿಡಿದರೆ ಯಾರೂ ಕೇಳುವುದಿಲ್ಲ, ಕೇಳಲು ಸಾಧ್ಯವೂ ಇಲ್ಲ. ದಿನಾ ಸೈಟಿನಲ್ಲಿ ಒಬ್ಬರು ಇರಬೇಕೆಂದರೆ ಅದಕ್ಕೆ ಬೇರೆ ಮನುಷ್ಯ, ಬೇರೆ ಸಂಬಳ ಅಂತ ದಪ್ಪಕ್ಷರದಲ್ಲಿ ಹಾಕಿದೆ.

ಎರಡು ಹಾಳೆ ಒಂದರ ಮೇಲೊಂದು ಇಟ್ಟು ನೋಡುವ ಕೆಲಸ ಈಗ ನನ್ನದು. ಅದಕ್ಕೆ ಶುಲ್ಕದಲ್ಲಿ ಒಂದು ಪಾಲು ಉಂಟು. ನಾನೂ ಸ್ಟ್ರಕ್ಚರಲ್ ಇಂಜಿನಿಯರೂ ಸಹಿ ಹಾಕದ ಹಾಳೆಯ ಮೇಲೆ ಕಬ್ಬಿಣ ಕಟ್ಟುವ ಹಾಗಿಲ್ಲ ಅನ್ನುವ ಸಾಲನ್ನು ಕಂಟ್ರಾಕ್ಟರ್ ಒಪ್ಪಂದಕ್ಕೂ ಹಾಕಿಸುತ್ತೇನೆ. ಅಲ್ಲಿ ಇಲ್ಲದಿದ್ದರೆ ನನ್ನ ಕಾಗದದಲ್ಲಿ ಇದ್ದೂ ಉಪಯೋಗವಿಲ್ಲ.

ಕಂತುಗಳನ್ನು ತಿರುವಿದೆ. ಈಗ ಶುಲ್ಕದ 40 ಪಾಲು ನಿರ್ಮಾಣ ಶುರುವಾದ ಮೇಲೆಯೇ ಬರುತ್ತದೆ. ಮೊದಲ ವರ್ಷ ಕೈ ಬಿಗಿಯಾಯಿತು, ನಿಜ. ಒಟ್ಟು ವೆಚ್ಚದ ಶೇಕಡಾ ಇಷ್ಟು ಅನ್ನುವ ಲೆಕ್ಕವನ್ನೂ ಬಿಟ್ಟು ನಿಗದಿತ ಮೊತ್ತಕ್ಕೆ ಬಂದೆ. ದುಬಾರಿ ಕಲ್ಲು ಹಾಕಿಸಿದರೆ ನನ್ನ ಜೇಬು ತುಂಬುತ್ತದೆ ಅನ್ನುವ ಅನುಮಾನ ಮಾಲೀಕರಿಗೆ ಬರುವುದು ಸಹಜ. ಬರಬಾರದೆಂದರೆ ಆ ಲೆಕ್ಕವೇ ಇರಬಾರದು.

ನಕ್ಷೆಯ ಹಕ್ಕಿನ ವಿಷಯಕ್ಕೆ ಇನ್ನೂ ವಾದ ಆಗುತ್ತದೆ. ದುಡ್ಡು ಕೊಟ್ಟ ಮೇಲೆ ನಕ್ಷೆ ನಮ್ಮದೇ ಅಲ್ವಾ ಅಂತ ಕೇಳುತ್ತಾರೆ. ಕೃತಿಸ್ವಾಮ್ಯದ ಬಗೆಗಿನ 1886ರ ಅಂತರರಾಷ್ಟ್ರೀಯ ಬರ್ನ್ ಒಡಂಬಡಿಕೆ ವಾಸ್ತುಶಿಲ್ಪದ ನಕ್ಷೆಗಳನ್ನು ಆಗಲೇ ಸೇರಿಸಿಕೊಂಡಿತ್ತು, 1908ರ ಬರ್ಲಿನ್ ಪರಿಷ್ಕರಣೆಯಲ್ಲಿ ಕಟ್ಟಡಗಳೂ ಸೇರಿದವು ಅಂತ ಹೇಳಿದರೆ ಯಾರಿಗೂ ಸಮಾಧಾನವಿಲ್ಲ. ಹಾಗಾಗಿ ಸರಳವಾಗಿ ಬರೆದಿದ್ದೇನೆ: ನಾವಿಬ್ಬರೂ ಬೇರೆಯಾದರೆ, ಅಲ್ಲಿಯವರೆಗಿನ ಹಂತದ ಶುಲ್ಕ ಸಂದಿದ್ದರೆ, ಆ ಹಾಳೆಗಳನ್ನು ಅದೇ ಸೈಟಿನಲ್ಲಿ ಒಂದು ಸಲ ಬಳಸಬಹುದು. ಪಕ್ಕದ ಸೈಟಿಗೆ ಕೊಡುವ ಹಾಗಿಲ್ಲ.

ಹೊಸ ಕಾಗದ ನೋಡಿ, ಮನೆ ಕಟ್ಟಿಸಲು ಬಂದಿದ್ದ ಇಬ್ಬರು ವಾಪಸ್ ಹೋದರು. ಒಬ್ಬರು, ‘ಮನೆ ಕಟ್ಟಬೇಕೋ ಕೋರ್ಟಿಗೆ ಹೋಗಬೇಕೋ’ ಅಂತಲೂ ಕೇಳಿದರು. ಸೈಟಿನಿಂದ ಬರುವ ಪ್ರಶ್ನೆಗೆ ಮೂರು ಕೆಲಸದ ದಿನದೊಳಗೆ ಲಿಖಿತ ಉತ್ತರ ಅನ್ನುವ ಸಾಲನ್ನು ನಾನು ಬಹಳ ಹೆಮ್ಮೆಯಿಂದ ಸೇರಿಸಿದ್ದೆ. ಆ ಕಾಗದದ ಮೇಲೆ ಶುರುವಾದ ಮೊದಲ ಮನೆಯಲ್ಲಿ ಬಾಗಿಲು ಕಿಟಕಿಯ ಮೇಲೆ ಬರುವ ಲಿಂಟೆಲ್ ಎತ್ತರದ ಬಗ್ಗೆ ಕಂಟ್ರಾಕ್ಟರ್ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದು ಐದನೆಯ ದಿನ. ಆರನೆಯ ದಿನ ಸೈಟಿಗೆ ಹೋದಾಗ ಮಾಲೀಕರು ಏಳನೆಯ ಪುಟ ಮಡಿಸಿ ಹಿಡಿದುಕೊಂಡು ಗೇಟಿನ ಹತ್ತಿರವೇ ನಿಂತಿದ್ದರು.