ಹೊಳೆ ದಡ ಬಿಟ್ಟು ಗುಡ್ಡ ಹತ್ತಿದ ಲೆಕ್ಕ

ಹೊಳೆ ಕಾಣುವ ಮನೆಗೆ ಹೆಚ್ಚು ದುಡ್ಡು ಕೊಡುವವರಿದ್ದಾರೆ ಎಂದು ನಾನು ಹೇಳತೊಡಗಿದಾಗ ಕಾಸರಗೋಡಿನ ಕುಂಬಳೆ ಸುತ್ತಿನ ದಲ್ಲಾಳಿಗಳಲ್ಲಿ ಒಬ್ಬರೂ ನಂಬಲಿಲ್ಲ. "ನೀರು ನೋಡಿ ಯಾರ ಹೊಟ್ಟೆ ತುಂಬುತ್ತದೆ ಭಾವ?" ಎಂದು ನಕ್ಕವರೇ ಈಗ ಜಾಗ ನೋಡಿಕೊಡಲು ನನ್ನನ್ನು ಕರೆಯುತ್ತಾರೆ. ಅವರ ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ನಮ್ಮಲ್ಲಿ ಹೊಳೆ ಬದಿ ಎಂದರೆ ಹಿಂದಿನಿಂದಲೂ ಅಗ್ಗದ ಜಾಗ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬಾವಿಗೆ ಉಪ್ಪು.

ಕೊಂಡು ಮಾರಲೆಂದು ನಾನು ಕೈ ಹಾಕಿದ ಮೊದಲ ಮನೆ ಶಿರಿಯ ಹೊಳೆಯ ದಡದಲ್ಲೇ ಇತ್ತು. ಹತ್ತು ಸೆಂಟ್ಸ್ ಜಾಗ, ಹಳೆಯ ಮುರಕಲ್ಲಿನ ಮನೆ, ಸುಮಾರು 24 ಲಕ್ಷ. ದುರಸ್ತಿಗೆ ಇನ್ನೊಂದು ಆರು ಲಕ್ಷ ಸುರಿದು ಹೊಳೆಗೆ ಮುಖ ಮಾಡಿ ಜಗಲಿ ಕಟ್ಟಿಸಿದೆ. ಮಳೆಗಾಲಕ್ಕೆ ಮೊದಲು ಬಣ್ಣ ಹೊಡೆಸಿದ ಕಿಟಕಿ ಸರಳುಗಳು ದೀಪಾವಳಿಯ ಹೊತ್ತಿಗೆ ತುಕ್ಕು ಹಿಡಿದಿದ್ದವು. ಏಪ್ರಿಲಿನಲ್ಲಿ ಗಲ್ಫಿನಿಂದ ಬಂದ ಒಬ್ಬರು ಜಗಲಿಯಲ್ಲಿ ಕುಳಿತು ಫೋಟೊ ತೆಗೆದರು, ಬೆಲೆಗೂ ಒಪ್ಪಿದರು. ಅಷ್ಟರಲ್ಲಿ ಅವರ ತಾಯಿ ಬಾವಿಯ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ ಅಂಗಳಕ್ಕೆ ಉಗುಳಿದರು. ವ್ಯವಹಾರ ಅಲ್ಲಿಗೇ ಮುಗಿಯಿತು. ಕೊನೆಗೆ 27 ಲಕ್ಷಕ್ಕೆ ಬಿಟ್ಟುಕೊಟ್ಟೆ. ಕೇರಳದಲ್ಲಿ ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ 2. ಆ ಖರ್ಚನ್ನೂ ಸೇರಿಸಿಕೊಂಡು ನನಗಾದ ನಷ್ಟ ಎಷ್ಟೆಂದು ನೀವೇ ಲೆಕ್ಕ ಹಾಕಿ.

2020ರ ಜನವರಿಯಲ್ಲಿ ಕೊಚ್ಚಿ ಹತ್ತಿರದ ಮರಡಿನಲ್ಲಿ ನೀರ ಬದಿಯ ನಿಯಮ ಮೀರಿ ಕಟ್ಟಿದ ಫ್ಲ್ಯಾಟುಗಳನ್ನು ಕೆಡವಿದ ಮೇಲಂತೂ ದಡದ ಮನೆ ಎಂದರೆ ಗಿರಾಕಿಗಳು ನೇರವಾಗಿ ಕರಾವಳಿ ನಿಯಂತ್ರಣ ವಲಯದ ಪ್ರಶ್ನೆ ಎತ್ತುತ್ತಾರೆ. ನನಗೆ ದಾರಿ ತೋರಿಸಿದ್ದು ಆ ಪ್ರಶ್ನೆಯೇ. ಉಬ್ಬರದ ನೀರು ಏರುವ ಹೊಳೆಗಳ ಪಕ್ಕ ಹಳ್ಳಿಗಳ ಕಡೆ 2011ರ ಅಧಿಸೂಚನೆಯಲ್ಲಿ 100 ಮೀಟರ್ ಬಿಡಬೇಕಿತ್ತು. 2019ರ ಅಧಿಸೂಚನೆಯಲ್ಲಿ ಅದು 50 ಆಯಿತು. ಹೊಳೆಯ ಅಗಲ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಾಕು. ದಡದ ಆ ಜಾಗದಲ್ಲಿ ಹೊಸದಾಗಿ ಯಾರೂ ಮನೆ ಕಟ್ಟುವಂತಿಲ್ಲ. ಹಾಗಾದರೆ ಅದರ ಹಿಂದೆ ಎತ್ತರದಲ್ಲಿರುವವನ ನೋಟಕ್ಕೆ ಸರಕಾರವೇ ಕಾವಲು! ನಾನು ದಡ ಬಿಟ್ಟು ಗುಡ್ಡ ಹತ್ತಿದೆ.

ಮೊಗ್ರಾಲ್ ಕಡೆಯ ಒಂದು ಇಳಿಜಾರಿನಲ್ಲಿ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಕೊಂಡೆ. ಕೊಳ್ಳುವ ಮೊದಲು ಬಿದಿರಿನ ಏಣಿ ಇಟ್ಟು ನೆಲದಿಂದ ಸುಮಾರು 16 ಅಡಿ ಎತ್ತರಕ್ಕೆ ಹತ್ತಿ ನೋಡಿದೆ. ಮೊದಲ ಮಹಡಿಯಲ್ಲಿ ಕುರ್ಚಿ ಹಾಕಿ ಕುಳಿತವನ ಕಣ್ಣು ಬರುವುದು ಅಲ್ಲಿಗೆ. ತಾರಸಿಯಿಂದ ಹೊಳೆ ಕಾಣುತ್ತದೆ ಎಂಬ ಮಾತಿಗೆ ಬೆಲೆಯಿಲ್ಲ, ಬಟ್ಟೆ ಒಣಗಿಸುವವರ ಹೊರತು ಯಾರೂ ಅಲ್ಲಿಗೆ ಹೋಗುವುದಿಲ್ಲ. ಮುಂದಿನ ತೋಟದ ತೆಂಗಿನ ವಯಸ್ಸನ್ನೂ ನೋಡಿ. ಹಳೆಯ ಎತ್ತರದ ಮರಗಳ ಕಾಂಡದ ನಡುವೆ ನೀರು ಚೆನ್ನಾಗಿಯೇ ಕಾಣುತ್ತದೆ. ಕಾಟ ಕೊಡುವುದು ಎಳೆಯ ಮರಗಳು, ಅದಕ್ಕಿಂತ ಹೆಚ್ಚಾಗಿ ಗಿಡ್ಡ ತಳಿ. ತೆಂಗಿನ ತಳಿಗಳ ಸಂಶೋಧನೆ ನಡೆಸುವ ಸಿಪಿಸಿಆರ್‌ಐ ಇರುವ ಜಿಲ್ಲೆಯಲ್ಲಿ ಅದಕ್ಕೇನು ಬರ?

ಇನ್ನು ದಸ್ತಾವೇಜು. ಕೆಳಗಿನ ಸಾಲನ್ನು ಮೊದಲು ಮಾರಬೇಕು, ಅದೂ ಮೇಲಿನ ಸಾಲು ನಿಮ್ಮ ಹೆಸರಿನಲ್ಲಿ ಇರುವಾಗಲೇ. ಮೇಲಿನ ಸಾಲಿನ ನೋಟಕ್ಕೆ ಅಡ್ಡ ಬಾರದಂತೆ ಒಂದಂತಸ್ತಿಗಿಂತ ಮೇಲೆ ಕಟ್ಟಬಾರದೆಂಬ ಷರತ್ತನ್ನು ಸುಮ್ಮನೆ ಬರೆದರೆ ಅದು ನಿಲ್ಲುವುದಿಲ್ಲ. ನಿಮ್ಮ ಕೈಯಲ್ಲಿ ಉಳಿದ ಪಕ್ಕದ ತುಂಡಿನ ಅನುಭೋಗಕ್ಕಾಗಿ ಎಂದಿದ್ದರೆ ಮಾತ್ರ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 11 ಮತ್ತು 40ನೇ ಸೆಕ್ಷನ್‌ಗಳ ಆಸರೆ ಸಿಗುತ್ತದೆ. ವಾಕ್ಯ ಹೇಗಿರಬೇಕೆಂದು ನನ್ನ ವಕೀಲರಿಗೆ ಗೊತ್ತು, ನಿಮ್ಮವರಿಂದ ನೀವು ಬರೆಸಿಕೊಳ್ಳಿ. ಷರತ್ತಿನ ದೆಸೆಯಿಂದ ಕೆಳಗಿನ ಸಾಲಿಗೆ ನೂರಕ್ಕೆ ಹತ್ತರಷ್ಟು ಕಡಿಮೆ ಸಿಕ್ಕಿತು. ಮೇಲಿನ ಸಾಲು ಸೆಂಟಿಗೆ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಅದೇ ಗುಡ್ಡದ ಹಿಂಬದಿಯಲ್ಲಿ, ಅದೇ ರಸ್ತೆ, ಅದೇ ಬಾವಿ ನೀರು ಇದ್ದರೂ ಎರಡು ಲಕ್ಷ ದಾಟಿಲ್ಲ. ಗಿರಾಕಿಯನ್ನು ಯಾವ ಹೊತ್ತಿಗೆ ಕರೆದೊಯ್ಯುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ಬೆಂಗಳೂರಿನಲ್ಲಿರುವ ಅಳಿಯ ಒಂದು ಅಧ್ಯಯನದ ಸಂಗತಿ ಹೇಳಿದ. ಅಮೆರಿಕದ ಬೆಲ್ಲಿಂಗ್‌ಹ್ಯಾಮ್ ಊರಿನ ಮನೆಗಳ ಕುರಿತು 1998ರಲ್ಲಿ ಪ್ರಕಟವಾದದ್ದು. ಅಲ್ಲಿ ಕಡಲು ಪೂರ್ತಿ ಕಾಣುವ ಮನೆಗೆ ನೂರಕ್ಕೆ 60ರ ಹತ್ತಿರ ಹೆಚ್ಚು ಬೆಲೆ, ಕಂಡೂ ಕಾಣದಂತಿದ್ದರೆ ಬರೀ 8. ನಮ್ಮಲ್ಲಿ 60 ಕನಸು. ಆದರೆ ಎರಡು ಮಾಡುಗಳ ನಡುವೆ ಇಣುಕುವ ನೀರಿಗೆ ನಮ್ಮವರು ಆ 8 ಕೂಡ ಕೊಡುವುದಿಲ್ಲ.

ಹೊಳೆಯೇ ಇಲ್ಲದ ಕಡೆ ಏನಾಗುತ್ತದೆಂದು ನೋಡಲು ಬದಿಯಡ್ಕದ ಹತ್ತಿರ ಒಂದು ಹಳೆಯ ಮದಕದ, ಅಂದರೆ ಸಣ್ಣ ಕೆರೆಯ, ಹೂಳೆತ್ತಿಸಿದೆ. ಲಕ್ಷದ ಮೇಲೆ ಖರ್ಚು. ಬಂದವರು ಸೊಳ್ಳೆಯ ವಿಚಾರ ಕೇಳಿದರು, ಮಕ್ಕಳು ಬಿದ್ದರೆ ಎಂದರು, ಬೆಲೆ ಒಂದು ರೂಪಾಯಿಯೂ ಏರಲಿಲ್ಲ. ಆದರೆ ಆ ಮದಕದ ಆಚೆಗಿದ್ದ ಬೈಲಿನತ್ತ ಕೈ ತೋರಿಸಿದವರು ಹಲವರು. ಜುಲೈಯಲ್ಲಿ ಗದ್ದೆ ತುಂಬಿ ನಿಂತಾಗ ಅದು ದೊಡ್ಡ ಕೆರೆಯೇ. 2008ರ ಗದ್ದೆ ಸಂರಕ್ಷಣಾ ಕಾಯಿದೆಯ ಡೇಟಾ ಬ್ಯಾಂಕಿನಲ್ಲಿ ಗದ್ದೆಯೆಂದು ಸೇರಿದ ಜಾಗ ಸುಲಭದಲ್ಲಿ ಮನೆ ಜಾಗವಾಗುವುದೂ ಇಲ್ಲ. ಗ್ರಾಮ ಕಚೇರಿಯಲ್ಲಿ ಸರ್ವೆ ನಂಬರ್ ತಾಳೆ ನೋಡಿ ಅಂಥದೊಂದು ಬೈಲಿನ ಮೇಲಿನ ಗುಡ್ಡಕ್ಕೆ ಮುಂಗಡ ಕೊಟ್ಟಿದ್ದೇನೆ. ಎಲ್ಲಿ ಎಂಬುದನ್ನು ನೋಂದಣಿ ಆದ ಮೇಲೆ ಹೇಳುತ್ತೇನೆ.