ಹನ್ನೆರಡು ಸಾವಿರದೊಳಗೆ ನಾನು ಕೊಂಡ ಹಳೆಯ ಗೇರ್ ಸೈಕಲ್

ಚೀಟಿ ಎತ್ತಿದ ಹಣದಲ್ಲಿ ಮನೆಯ ಖರ್ಚೆಲ್ಲ ಕಳೆದು ನನ್ನ ಪಾಲಿಗೆಂದು ಉಳಿದದ್ದು 12,000 ರೂಪಾಯಿ. ಅಷ್ಟರಲ್ಲಿ ವರುಣಾ ನಾಲೆಯ ಏರಿಯ ಮೇಲೆ ಧೈರ್ಯವಾಗಿ ತುಳಿಯಬಹುದಾದ ಒಂದು ಮೌಂಟನ್ ಬೈಕ್ ಬೇಕಿತ್ತು. 2017ರಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳು ಬಂದಾಗ, ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಪೆಡಲಿನ ಮೇಲೆ ಕಾಲಿಟ್ಟವಳು ನಾನು. ಕುಕ್ಕರಹಳ್ಳಿ ಕೆರೆಯಿಂದ ಅರಮನೆಯವರೆಗಿನ ಡಾಂಬರು ರಸ್ತೆಗೆ ಅವು ಹೇಳಿ ಮಾಡಿಸಿದಂತಿದ್ದವು. ನಾಲೆಯ ಏರಿಯ ಕಥೆ ಬೇರೆ. ಟ್ರ್ಯಾಕ್ಟರ್ ಚಕ್ರ ಕೊರೆದ ಜಾಡು, ನಡುವೆ ಹುಲ್ಲು, ಅಲ್ಲಲ್ಲಿ ಎದ್ದ ಕಲ್ಲು. ಮಳೆಯ ಮರುದಿನ ಮಣ್ಣು ಟೈರಿಗೆ ಅಂಟಿಕೊಂಡೇ ಬರುತ್ತದೆ. ಅಲ್ಲಿಗೆ ಅಗಲವಾದ ಟೈರು, ಏರು ಹತ್ತಲು ಹಗುರವಾದ ಗೇರು, ನಂಬಬಹುದಾದ ಬ್ರೇಕು ಬೇಕು.

ಮೊದಲು ಹೊಸದನ್ನೇ ವಿಚಾರಿಸಿದೆ. ನನಗೆ ಹಿಡಿಸಿದ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ಲುಗಳ ಬೆಲೆ ನನ್ನ ಹಣದ ಎರಡರಷ್ಟಿತ್ತು. ನನ್ನ ಹಣಕ್ಕೆ ಸಿಗುತ್ತಿದ್ದದ್ದು ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇರುವ, ನೋಡಲು ಭರ್ಜರಿಯಾದ ಕಬ್ಬಿಣದ ಸೈಕಲ್. ಎತ್ತಿ ನೋಡಿದೆ, ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿದಂತಾಯಿತು. ತುಳಿದಾಗ ಪ್ರತಿ ಪೆಡಲಿಗೂ ಹಿಂದಿನ ಸ್ಪ್ರಿಂಗ್ ಕುಸಿಯುತ್ತಿತ್ತು. ಚಕ್ರಕ್ಕೆ ಹೋಗಬೇಕಾದ ಕಾಲಿನ ಬಲವನ್ನು ಸ್ಪ್ರಿಂಗೇ ನುಂಗುತ್ತಿತ್ತು. ಹಣ ಕಡಿಮೆ ಇರುವವರು ಇಂಥದ್ದನ್ನು, ಹೊಸದಿರಲಿ ಹಳೆಯದಿರಲಿ, ಮುಟ್ಟಲೇಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆ ಬೆಲೆಯಲ್ಲಿ ಒಳ್ಳೆಯ ಹಿಂದಿನ ಶಾಕ್ ಕೊಡಲು ಯಾರಿಂದಲೂ ಆಗುವುದಿಲ್ಲ. ಮುಂದೆ ಮಾತ್ರ ಶಾಕ್ ಇರುವ, ಹಿಂಭಾಗ ಗಟ್ಟಿಯಾಗಿರುವ ಸೈಕಲ್ ಸಾಕು.

ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದೆಂದು ತೀರ್ಮಾನಿಸಿದೆ. ಆ ದಿನವೇ ಹಣವನ್ನು ಎರಡು ಲಕೋಟೆಗಳಲ್ಲಿ ಹಾಕಿಟ್ಟೆ: ಒಂದರಲ್ಲಿ ಸೈಕಲ್ಲಿಗೆ 8,000, ಇನ್ನೊಂದರಲ್ಲಿ ರಿಪೇರಿಗೆ 4,000. ಹಳೆಯ ಸೈಕಲ್ ಕೊಂಡವರು ಸೋಲುವುದು ಬಹುಪಾಲು ಇಲ್ಲೇ. ಇದ್ದದ್ದನ್ನೆಲ್ಲ ಮಾರುವವರ ಕೈಗಿಟ್ಟು ಬಂದು, ಟೈರಿಗೆ ಹಣವಿಲ್ಲದೆ ಸೈಕಲ್ಲನ್ನು ಗೋಡೆಗೆ ಒರಗಿಸುತ್ತಾರೆ.

ನೋಡುವಾಗ ನಾನು ಕೇಳಿಕೊಳ್ಳುತ್ತಿದ್ದದ್ದು ಒಂದೇ: ಇದನ್ನು ಮುಂದೆ ಬದಲಾಯಿಸಲು ಆಗುತ್ತದೆಯೇ? ಟೈರು, ಚೈನು, ಕೇಬಲ್, ಬ್ರೇಕ್ ಪ್ಯಾಡ್, ಸೀಟು ಎಲ್ಲ ಬದಲಾಯಿಸಬಹುದು. ಅವು ಹಾಳಾಗಿದ್ದರೆ ಬೆಲೆ ಇಳಿಸಲು ನನಗೇ ಅನುಕೂಲ. ಫ್ರೇಮ್, ಮುಂದಿನ ಶಾಕ್, ಚಕ್ರ ಹಾಳಾಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ನಾನು ಕಂಡ ಜಾಹೀರಾತುಗಳಲ್ಲಿ ಹೊಗಳುತ್ತಿದ್ದದ್ದು 21 ಗೇರು, 24 ಗೇರು ಎಂಬ ಲೆಕ್ಕವನ್ನು. ಫ್ರೇಮಿನ ಅಳತೆಯನ್ನು ಯಾರೂ ಹಾಕಿರಲಿಲ್ಲ.

ನನಗೆ ಅಳತೆಯೇ ದೊಡ್ಡ ತೊಡಕಾಯಿತು. ನನ್ನ ಎತ್ತರ ಐದಡಿ ಮೂರಿಂಚು. ಮಾರಾಟಕ್ಕಿದ್ದವೆಲ್ಲ ಬಹುಪಾಲು ಹುಡುಗರು ಓಡಿಸಿದ 18 ಇಂಚಿನ ಫ್ರೇಮುಗಳು. ಮೌಂಟನ್ ಬೈಕಿನ ಮೇಲಿನ ಕೊಳವೆಯನ್ನು ನಡುವೆ ಬಿಟ್ಟು ಎರಡೂ ಪಾದ ನೆಲಕ್ಕೂರಿ ನಿಂತಾಗ ಕಡೆಯಪಕ್ಷ ಎರಡು ಇಂಚು ಜಾಗ ಉಳಿಯಬೇಕು. ಕಲ್ಲಿನ ದಾರಿಯಲ್ಲಿ ತಟ್ಟನೆ ಇಳಿಯಬೇಕಾದಾಗ ಆ ಎರಡು ಇಂಚೇ ನಮ್ಮನ್ನು ಕಾಯುವುದು. ಸೀಟು ಇಳಿಸಿದರೆ ಸರಿಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಸೀಟು ಇಳಿಯುತ್ತದೆ, ಕೊಳವೆ ಇಳಿಯುವುದಿಲ್ಲ. ಈ ಒಂದು ಕಾರಣಕ್ಕೇ ನಾಲ್ಕು ಸೈಕಲ್ ಬಿಟ್ಟೆ.

ಐದನೆಯದು ಒಂದು ಹಾಸ್ಟೆಲಿನದು. ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಊರಿಗೆ ಹೊರಡುವ ಕಾಲದಲ್ಲಿ ಮಾನಸಗಂಗೋತ್ರಿಯ ಸುತ್ತಮುತ್ತ ಸೈಕಲ್ಲುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಸೈಕಲ್ ಹೊಳೆಯುತ್ತಿತ್ತು, ಅಳತೆಯೂ ಸರಿ, ಬೆಲೆ 7,000. ನಾನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬರಿಗಣ್ಣನ್ನು ಪೂರ್ತಿ ನಂಬುವ ಅಭ್ಯಾಸವಿಲ್ಲ. ಒದ್ದೆ ಬಟ್ಟೆಯಲ್ಲಿ ಫ್ರೇಮಿನ ಬೆಸುಗೆಗಳನ್ನೆಲ್ಲ ಒರೆಸಿ, ಮೊಬೈಲ್ ಬೆಳಕನ್ನು ಓರೆಯಾಗಿ ಹಿಡಿದು ನೋಡಿದೆ. ಸೀಟಿನ ಕೊಳವೆಯೂ ಮೇಲಿನ ಕೊಳವೆಯೂ ಸೇರುವಲ್ಲಿ, ಬೆಸುಗೆಯ ಅಂಚಿಗೆ ಹೊಂದಿಕೊಂಡಂತೆ ಕೂದಲೆಳೆಯಷ್ಟು ಕಪ್ಪು ಗೆರೆ. ಬಣ್ಣದ ಗೀರಾದರೆ ಅದು ಎಲ್ಲಿ ಬೇಕಾದರೂ ಓಡುತ್ತದೆ. ಇದು ಬೆಸುಗೆಯನ್ನು ಬಿಟ್ಟು ಕದಲಿರಲಿಲ್ಲ. ಉಗುರು ಆಡಿಸಿದಾಗ ಸಣ್ಣಗೆ ತಡೆಯಿತು. ಸೀಟಿನ ಕಂಬವನ್ನು ಎಳೆದು ನೋಡಿದರೆ ಕಾರಣ ತಾನಾಗಿ ತಿಳಿಯಿತು. ಕನಿಷ್ಠ ಇಷ್ಟು ಒಳಗಿರಬೇಕು ಎಂದು ಕಂಬದ ಮೇಲೆ ಕೊರೆದಿರುವ ಗುರುತು ಎರಡು ಬೆರಳಿನಷ್ಟು ಹೊರಗೇ ಇತ್ತು. ಎತ್ತರದ ಹುಡುಗ ಸೀಟನ್ನು ಅಳತೆ ಮೀರಿ ಏರಿಸಿದ್ದ. ಕಂಬ ಸನ್ನೆಗೋಲಿನಂತೆ ಕೊಳವೆಯ ಬಾಯನ್ನು ಮೀಟುತ್ತಲೇ ಇತ್ತು.

‘ಮೇಡಂ, ವೆಲ್ಡಿಂಗ್ ಮಾಡಿಸಿದರೆ ಆಯಿತಲ್ಲವಾ?’ ಎಂದ ಹುಡುಗ. ಆಗುವುದಿಲ್ಲ. ಈ ಫ್ರೇಮುಗಳಿಗೆ ಹೆಚ್ಚಾಗಿ ಬಳಸುವ 6061 ಅಲ್ಯೂಮಿನಿಯಂ ಗಟ್ಟಿತನ ಪಡೆಯುವುದು ಕಾರ್ಖಾನೆಯಲ್ಲಿ ಬೆಸುಗೆಯ ನಂತರ ಕೊಡುವ ಶಾಖ ಸಂಸ್ಕಾರದಿಂದ. ಮತ್ತೆ ಬೆಸೆದರೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಸೈಕಲ್ ಕೊಳ್ಳದಿದ್ದರೂ ಹತ್ತು ನಿಮಿಷ ಅಲ್ಲೇ ನಿಂತು ಅವನಿಗೆ ಗೆರೆಯನ್ನು ತೋರಿಸಿದೆ. ‘ಇದನ್ನು ತುಳಿಯಬೇಡಪ್ಪ, ಬೇರೆ ಯಾರಿಗೂ ಮಾರಬೇಡ’ ಎಂದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಕಡೆಗೆ ನನ್ನ ಸೈಕಲ್ ಸಿಕ್ಕಿದ್ದು ಕುವೆಂಪುನಗರದ ಒಂದು ಮನೆಯ ಜಗುಲಿಯಲ್ಲಿ, ನೀರಿನ ಮೋಟಾರಿನ ಪಕ್ಕ. ಮಗ ವಿದೇಶಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಟೈರುಗಳು ಬಿರುಕು ಬಿಟ್ಟು ನೆಲಕ್ಕೆ ಕುಸಿದಿದ್ದವು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. 16 ಇಂಚಿನ ಅಲ್ಯೂಮಿನಿಯಂ ಫ್ರೇಮ್, 26 ಇಂಚಿನ ಚಕ್ರ, ಕೇಬಲ್ಲಿನ ಡಿಸ್ಕ್ ಬ್ರೇಕ್, 24 ಗೇರು. ಮನೆಯ ಯಜಮಾನರು 9,000 ಹೇಳಿದರು. ತಂಗಿಯ ಮಗನನ್ನು ಜೊತೆಗೆ ಕರೆದೊಯ್ದಿದ್ದೆ, ಹಿಡಿದುಕೊಳ್ಳಲು ಒಬ್ಬರು ಬೇಕು.

ಒಂದು ಗಂಟೆ ನೋಡಿದೆ. ಬೆಸುಗೆಗಳು ಶುದ್ಧವಾಗಿದ್ದವು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದಾಗ ಹ್ಯಾಂಡಲ್ ಬೇರಿಂಗಿನ ಹತ್ತಿರ ಕಟಕಟ ಸದ್ದಿಲ್ಲ. ಶಾಕಿನ ಒಳಗಿನ ಕೊಳವೆಗಳ ಮೇಲೆ ತುಕ್ಕಿನ ಚುಕ್ಕೆಯಿಲ್ಲ, ಒತ್ತಿದರೆ ಗಡುಸಾಗಿಯಾದರೂ ಒಳಗೆ ಹೋಗಿ ಮರಳಿ ಬಂತು. ಪೆಡಲಿನ ಕೈಗಳನ್ನು ಅಡ್ಡಡ್ಡ ಅಲುಗಾಡಿಸಿದೆ, ಬಿಗಿಯಾಗಿದ್ದವು. ಚಕ್ರ ಎತ್ತಿ ತಿರುಗಿಸಿ, ರಿಮ್ಮಿನ ಪಕ್ಕ ಪೆನ್ಸಿಲ್ ಹಿಡಿದು ಅದರ ಬೆಂಡು ನೋಡಿದೆ. ಹಿಂದಿನದರಲ್ಲಿ ಸ್ವಲ್ಪ ಇತ್ತು, ಕಡ್ಡಿ ಬಿಗಿ ಮಾಡಿದರೆ ಹೋಗುವಂಥದ್ದು. ಆದರೆ ಹಿಂದಿನ ಚಕ್ರವನ್ನು ಹಿಡಿದು ಅಕ್ಕಪಕ್ಕ ಆಡಿಸಿದಾಗ ಅಚ್ಚಿನಲ್ಲಿ ಸಣ್ಣ ಸಡಿಲ.

ಇನ್ನೊಂದನ್ನು ಮರೆಯದೆ ನೋಡಿ. ಹಿಂದಿನ ಹಲ್ಲುಚಕ್ರಗಳ ಗೊಂಚಲು ಎರಡು ಬಗೆ: ಚಕ್ರದ ನಡುವಿನ ಹಬ್ಬಿಗೆ ಸ್ಕ್ರೂವಿನಂತೆ ತಿರುಚಿ ಕೂರಿಸುವ ಫ್ರೀವೀಲ್ ಒಂದು, ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಇನ್ನೊಂದು. ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ ಅಚ್ಚಿನ ಪಕ್ಕದಲ್ಲಿ ಬಿಚ್ಚುವ ಟೂಲ್ ಕೂರುವ ಕಚ್ಚುಗಳನ್ನು ಗಮನಿಸಬೇಕು. ಆ ಭಾಗವೂ ಹಲ್ಲುಗಳ ಜೊತೆ ತಿರುಗಿದರೆ ಕ್ಯಾಸೆಟ್, ಸುಮ್ಮನೆ ನಿಂತಿದ್ದರೆ ಫ್ರೀವೀಲ್. ಫ್ರೀವೀಲಿನಲ್ಲಿ ಬಲಗಡೆಯ ಬೇರಿಂಗ್ ಒಳಗೆ ದೂರದಲ್ಲಿರುತ್ತದೆ, ಆಸರೆಯಿಲ್ಲದ ಅಚ್ಚು ಒರಟು ದಾರಿಯಲ್ಲಿ ಬಾಗುತ್ತದೆ. ಇದರಲ್ಲಿ ಕ್ಯಾಸೆಟ್ ಇತ್ತು. ನನ್ನ ಮನಸ್ಸು ಒಪ್ಪಿದ್ದು ಆಗಲೇ.

ಆಮೇಲೆ ಬ್ಯಾಗಿನಿಂದ ಸ್ಟೀಲ್ ಸ್ಕೇಲನ್ನೂ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರನ್ನೂ ತೆಗೆದೆ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಇಪ್ಪತ್ತು ಕೊಂಡಿ ಎಣಿಸಿದರೆ 254 ಮಿಲಿಮೀಟರ್ ಬರಬೇಕು. ಚೈನಿನ ಜಿಡ್ಡು ಒರೆಸಿ, ಬಿಗಿಯಾಗಿ ಹಿಡಿಯಲು ತಂಗಿಯ ಮಗನಿಗೆ ಹೇಳಿ ಅಳೆದೆ: 257. ಶೇಕಡಾ ಒಂದಕ್ಕಿಂತ ಹೆಚ್ಚು ಸವೆತ. ಶೇಕಡಾ ಅರ್ಧ ದಾಟಿದಾಗಲೇ ಚೈನು ಬದಲಾಯಿಸಿದ್ದರೆ ಹಲ್ಲುಗಳು ಉಳಿಯುತ್ತಿದ್ದವು. ಇಷ್ಟು ಸವೆದ ಚೈನಿನ ಜೊತೆ ಕ್ಯಾಸೆಟ್ಟೂ ಸವೆದಿರುತ್ತದೆ. ಹೊಸ ಚೈನು ಮಾತ್ರ ಹಾಕಿದರೆ ಒತ್ತಿ ತುಳಿದಾಗ ಹಲ್ಲಿನಿಂದ ಹಾರುತ್ತದೆ. ಬ್ರೇಕಿನ ಡಿಸ್ಕಿನ ಮೇಲೆ ಕನಿಷ್ಠ ದಪ್ಪ 1.5 ಮಿಲಿಮೀಟರ್ ಎಂದು ಅಚ್ಚಾಗಿತ್ತು. ವರ್ನಿಯರ್ 1.7 ತೋರಿಸಿತು. ಡಿಸ್ಕ್ ಇನ್ನೂ ಬಹುಕಾಲ ಬಾಳುತ್ತದೆ.

ಚೌಕಾಶಿಯಲ್ಲಿ ನಾನು ಸೈಕಲ್ಲನ್ನು ಹಳಿಯಲಿಲ್ಲ. ಟೈರು, ಟ್ಯೂಬು, ಚೈನು, ಕ್ಯಾಸೆಟ್ಟು, ಹಿಂದಿನ ಅಚ್ಚು ಎಂದು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಅಂಗಡಿಯಲ್ಲಿ ವಿಚಾರಿಸಿಕೊಂಡ ಬೆಲೆ ಹಾಕಿ, ಸ್ಕೇಲಿನ ಮೇಲೆ ಚೈನನ್ನು ತೋರಿಸಿದೆ. ಯಜಮಾನರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ‘ನೀವು ಓಡಿಸುತ್ತೀರಿ ತಾನೆ ಅಮ್ಮ? ಮತ್ತೆ ಮಾರುವುದಿಲ್ಲವಲ್ಲ?’ ಎಂದು ಎರಡು ಸಲ ಕೇಳಿದರು. ಓಡಿಸುತ್ತೇನೆ ಸಾರ್ ಎಂದೆ. 6,500ಕ್ಕೆ ಕೊಟ್ಟರು, ಕುಡಿಯಲು ಕಾಫಿಯನ್ನೂ ಕೊಟ್ಟರು.

ಸೈಕಲ್ಲಿಗೆ ಆರ್‌ಸಿ ಪುಸ್ತಕವಿಲ್ಲ. ಆದ್ದರಿಂದ ಕದ್ದ ಸೈಕಲ್ ಕೈಗೆ ಬರದಂತೆ ನಾವೇ ಎಚ್ಚರ ವಹಿಸಬೇಕು. ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಗೆ ಫ್ರೇಮಿನ ಸಂಖ್ಯೆ ಕೊರೆದಿರುತ್ತದೆ; ಅದನ್ನು ಉಜ್ಜಿ ಅಳಿಸಿದ್ದರೆ ಮಾತಿಲ್ಲದೆ ಹಿಂತಿರುಗಬೇಕು. ಇವರ ಬಳಿ ಹಳೆಯ ಬಿಲ್ಲಿತ್ತು, ಸಂಖ್ಯೆ ಹೊಂದಿತು. ಬಿಳಿ ಹಾಳೆಯಲ್ಲಿ ಸಂಖ್ಯೆ, ಬೆಲೆ, ದಿನಾಂಕ ಬರೆದು ಇಬ್ಬರೂ ಸಹಿ ಮಾಡಿದೆವು.

ರಿಪೇರಿಗೆ ಅಗ್ರಹಾರದ ಕಡೆಯ ಒಂದು ಹಳೆಯ ಸೈಕಲ್ ಶಾಪಿಗೆ ಒಯ್ದೆ. ಅಲ್ಲಿನ ಹಿರಿಯರು ಹಿಂದಿನ ಹಬ್ ಬಿಚ್ಚುವಾಗ ನಾನು ಪಕ್ಕದಲ್ಲೇ ಕುಳಿತೆ. ಒಳಗಿನ ಗ್ರೀಸ್ ಒಣಗಿ, ಕರಕಾದ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಒಂದು ಕಡೆಗೆ ಒಂಬತ್ತರಂತೆ ಹದಿನೆಂಟು ಕಾಲಿಂಚಿನ ಗುಂಡುಗಳು. ಸೀಮೆಎಣ್ಣೆಯಲ್ಲಿ ತೊಳೆದು ಅವರು ನನ್ನ ಅಂಗೈಗೆ ಹಾಕಿದರು. ಹೊಳಪು ಹೋಗಿ ಮಂಕಾಗಿದ್ದವು. ಗುಂಡುಗಳು ಕೂರುವ ಕೋನನ್ನು ಬೆಳಕಿಗೆ ಹಿಡಿದಾಗ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳು ಕಂಡವು. ‘ಕೋನು ಹೋದರೆ ಹೋಗಲಿ ತಾಯಿ, ಸಿಗುತ್ತದೆ. ಒಳಗಿನ ಬಟ್ಟಲು ಹೋಗಿದ್ದರೆ ಹಬ್ಬೇ ಹೋಯಿತು’ ಎಂದು ಬಟ್ಟೆಯಿಂದ ಹಬ್ಬಿನ ಒಳಗನ್ನು ಒರೆಸಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಒಳಗೆ ಕನ್ನಡಿಯಂತೆ ನುಣುಪು. ಹೊಸ ಕೋನು, ಹೊಸ ಗುಂಡು, ಹೊಸ ಗ್ರೀಸ್ ಹಾಕಿ ಅವರು ಚಕ್ರವನ್ನು ತಿರುಗಿಸಿ ಬಿಟ್ಟಾಗ ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

ಲೆಕ್ಕ ಹೀಗಾಯಿತು. ಎರಡು ಟೈರು, ಎರಡು ಟ್ಯೂಬು 1,460, ಚೈನು, ಕ್ಯಾಸೆಟ್ಟು 1,550, ಕೋನು, ಗುಂಡು, ಗ್ರೀಸ್ 250, ಬ್ರೇಕ್ ಪ್ಯಾಡ್ 300, ಕೇಬಲ್ಲುಗಳು 350, ಕೂಲಿ 800. ಒಟ್ಟು 4,710. ರಿಪೇರಿಯ ಲಕೋಟೆ ಸಾಲಲಿಲ್ಲ, ಸೈಕಲ್ಲಿನ ಲಕೋಟೆಯಲ್ಲಿ ಉಳಿದದ್ದು ನೆರವಾಯಿತು. ಎಲ್ಲ ಸೇರಿ 11,210. ಮಿಕ್ಕಿದ್ದಕ್ಕೆ ಕೈಪಂಪು, ಪಂಕ್ಚರ್ ಸಾಮಾನು ಕೊಂಡೆ. ಹೆಲ್ಮೆಟನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದನ್ನು ಹೊಸದಾಗಿಯೇ, ಬೇರೆ ಹಣದಲ್ಲಿ ಕೊಂಡೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟಿಗೆ ಹೊರಗೆ ಗುರುತೇ ಕಾಣದಿರಬಹುದು. ಅದೊಂದನ್ನು ಮಾತ್ರ ಹಳೆಯದು ಕೊಳ್ಳಬೇಡಿ.

26 ಇಂಚಿನ ಚಕ್ರದ ಬಗ್ಗೆ ಕೆಲವರು ಹೆದರಿಸಿದರು. ಹೊಸ ಮೌಂಟನ್ ಬೈಕುಗಳು ಬಹುಪಾಲು 27.5 ಮತ್ತು 29 ಇಂಚಿಗೆ ಹೋಗಿರುವುದು ನಿಜ, ದುಬಾರಿ ಟೈರುಗಳಲ್ಲಿ ಆಯ್ಕೆ ಕಡಿಮೆಯಾಗಿರುವುದೂ ನಿಜ. ಆದರೆ ಸಾಧಾರಣ ಟೈರು ಮೈಸೂರಿನಲ್ಲಿ ಕೇಳಿದ ಕೂಡಲೇ ಸಿಕ್ಕಿತು. ಆ ಹೆದರಿಕೆಯಿಂದಲೇ ಇಂಥ ಸೈಕಲ್ಲುಗಳ ಬೆಲೆ ಇಳಿದಿದೆ, ನನ್ನಂತೆ ಕುಳ್ಳಗಿರುವವರಿಗೆ ಚಿಕ್ಕ ಚಕ್ರ ಹೊಂದುತ್ತದೆ ಕೂಡ.

ಮೊದಲ ಭಾನುವಾರ ನಾಲೆಯ ಏರಿಗೆ ಹೋದೆ. ಎರಡನೆಯ ತಿಂಗಳು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಅತಿ ಹಗುರದ ಗೇರಿನಲ್ಲಿ, ಮೂರು ಕಡೆ ನಿಂತು, ನಂದಿಯವರೆಗೆ ಏರಿದೆ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರದೆ, ಹಿಡಿದು ಬಿಟ್ಟು ಹಿಡಿದು ಬಂದೆ. ಡಿಸ್ಕ್ ಬಿಸಿಯಾಗುವುದು ಅದರಿಂದ ಕಡಿಮೆಯಾಗುತ್ತದೆ. ಮರುದಿನ ಶಾಪಿನ ಹಿರಿಯರು ಹಿಂದಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸದ್ದು ಕೇಳಿ, ಸಡಿಲವಾದ ಎರಡನ್ನು ಬಿಗಿ ಮಾಡಿಕೊಟ್ಟರು. ಮುಂದಿನ ಶಾಕ್ ಇನ್ನೂ ಗಡುಸಾಗಿಯೇ ಇದೆ. ಅದನ್ನು ಬಿಚ್ಚಿ ಗ್ರೀಸ್ ಹಾಕಿಸಲು ದಸರಾ ರಜೆಯಲ್ಲಿ ಒಂದು ದಿನ ಎತ್ತಿಟ್ಟಿದ್ದೇನೆ.