ಸಿಡ್ನಿಯಲ್ಲಿ ಮೊದಲ ಸಲ ಸರ್ಫಿಂಗ್: ಬೋರ್ಡ್ ಹಿಡಿಯುವ ಮುಂಚೆ ಕಡಲನ್ನು ನೋಡಿ

ಕೆಲಸಕ್ಕೋ ಓದಿಗೋ ಸಿಡ್ನಿಗೆ ಬಂದ ನಮ್ಮವರು ವಾರಾಂತ್ಯ ಬೀಚಿಗೆ ಹೋಗುತ್ತಾರೆ, ಮೊಣಕಾಲುದ್ದ ನೀರಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಪಕ್ಕದಲ್ಲೇ ಶಾಲೆ ಮಕ್ಕಳೂ ತಲೆ ನರೆತವರೂ ಬೋರ್ಡ್ ಮೇಲೆ ನಿಂತು ದಡಕ್ಕೆ ತೇಲಿ ಬರುತ್ತಿರುತ್ತಾರೆ. ಅದು ನಮ್ಮ ಕೈಲಾಗದ ವಿಷಯವೇನಲ್ಲ. ನಾನು ಕಲಿತದ್ದು ಮೂವತ್ತೈದು ದಾಟಿದ ಮೇಲೆ. ಗೆಳತಿಯರನ್ನು ಮೊದಲ ಸಲ ನೀರಿಗೆ ಇಳಿಸುವಾಗ ಏನೇನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಈಜು ಬಾರದವರು ಮೊದಲು ಈಜುಕೊಳಕ್ಕೆ ಹೋಗಿ. ಇದರಲ್ಲಿ ರಿಯಾಯಿತಿ ಇಲ್ಲ. ಬೋರ್ಡ್ ಕಾಲಿಗೆ ಕಟ್ಟಿರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ; ಆ ಹಗ್ಗ, ಅಂದರೆ ಲೀಶ್, ತುಂಡಾಗುವುದೂ ಉಂಟು. ಆಳದ ನೀರಲ್ಲಿ ಗಾಬರಿಯಾಗದೆ ತೇಲಿಕೊಂಡಿರಲು, ಐವತ್ತು ಮೀಟರಾದರೂ ನಿಲ್ಲದೆ ಈಜಲು ಬಂದರೆ ಹೊರಡಿ.

ಎಲ್ಲಿಗೆ? ಮೊದಲ ದಿನಕ್ಕೆ ನನ್ನ ಆಯ್ಕೆ ಮ್ಯಾನ್ಲಿ. ಸರ್ಕ್ಯುಲರ್ ಕೀಯಿಂದ ಫೆರ್ರಿಯಲ್ಲಿ ಸುಮಾರು ಅರ್ಧ ಗಂಟೆ, ಇಳಿದು ಕಾರ್ಸೋ ರಸ್ತೆಯಲ್ಲಿ ನಡೆದರೆ ಎದುರಿಗೇ ಸಾಗರ. ಮೊದಲ ವಿಶ್ವ ಸರ್ಫಿಂಗ್ ಚಾಂಪಿಯನ್‌ಶಿಪ್ 1964ರಲ್ಲಿ ನಡೆದದ್ದು ಇಲ್ಲೇ. ಅದರ ಉತ್ತರಕ್ಕೆ ಅಂಟಿಕೊಂಡಂತಿರುವ ಫ್ರೆಶ್‌ವಾಟರ್‌ನಲ್ಲಿ ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು 1914-15ರ ಬೇಸಿಗೆಯಲ್ಲಿ ಮರದ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡಿ ತೋರಿಸಿದ. ಇಸಬೆಲ್ ಲೆಥಮ್ ಎಂಬ ಹದಿಹರೆಯದ ಹುಡುಗಿಯನ್ನು ಜೊತೆಗೆ ಹತ್ತಿಸಿಕೊಂಡ. ಅಲ್ಲಿನ ಬಂಡೆದಿಣ್ಣೆಯ ಮೇಲೆ ಈಗ ಅವನ ಪ್ರತಿಮೆಯಿದೆ, ಪಾಠ ಮುಗಿದ ಮೇಲೆ ಹತ್ತಿ ನೋಡಿ. ಬಾಂಡೈಯೇ ಹತ್ತಿರವಾದರೆ ಬೀಚಿನ ಉತ್ತರ ತುದಿಗೆ ಹೋಗಿ. ದಕ್ಷಿಣದ ತುದಿ ಪಳಗಿದವರದ್ದು, ಅಲ್ಲಿನ ಸೆಳೆತವೂ ಜೋರು.

ಕಾಲ ಅಂದರೆ ಮಾರ್ಚ್, ಏಪ್ರಿಲ್. ಇಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ; ಅದರ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ, ಜನ ಕಡಿಮೆ. ಬೆಳಿಗ್ಗೆ ಬೇಗ ಹೋಗಿ; ಬೇಸಿಗೆಯಲ್ಲಂತೂ ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಈಶಾನ್ಯದ ಗಾಳಿ ಎದ್ದು ಅಲೆಗಳನ್ನೆಲ್ಲ ಕೆಡಿಸಿಬಿಡುತ್ತದೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಅರ್ಧ ಮೀಟರ್ ಎಂದಿದ್ದರೆ ಹೊಸಬರಿಗೆ ಧಾರಾಳ. ಜೋರು ಮಳೆ ಬಂದು ಒಂದು ದಿನವಾದರೂ ಕಳೆಯಲಿ, ಚರಂಡಿಯ ನೀರೆಲ್ಲ ಕಡಲಿಗೇ ಸೇರಿರುತ್ತದೆ.

ಇನ್ನು ಮುಖ್ಯ ವಿಷಯ. ದಡಕ್ಕೆ ಬಂದ ಕೂಡಲೇ ನೀರಿಗೆ ಓಡಬೇಡಿ. ಸ್ವಲ್ಪ ಎತ್ತರದ ಜಾಗದಲ್ಲಿ ಇಪ್ಪತ್ತು ನಿಮಿಷ ಕೂತು ನೋಡಿ. ಬಿಳಿ ನೊರೆಯ ಸಾಲುಗಳ ನಡುವೆ ಎಲ್ಲೋ ಒಂದು ಕಡೆ ಅಲೆ ಒಡೆಯುವುದೇ ಇಲ್ಲ. ನೀರು ಕಡುಬಣ್ಣಕ್ಕೆ ತಿರುಗಿ ಶಾಂತವಾಗಿ ಕಾಣುತ್ತದೆ, ಮೇಲ್ಮೈ ಮಾತ್ರ ಸಣ್ಣಗೆ ಸುಕ್ಕುಗಟ್ಟಿರುತ್ತದೆ. ಹೊಸಬರು ಇಳಿಯಲು ಆರಿಸಿಕೊಳ್ಳುವುದು ಅದೇ ಜಾಗವನ್ನು, ಪ್ರಶಾಂತವಾಗಿದೆಯಲ್ಲ ಎಂದು. ಅದೇ ರಿಪ್. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ವಾಪಸ್ ಹೋಗುವ ದಾರಿ ಅದು, ಹೋಗುತ್ತಾ ನಿಮ್ಮನ್ನೂ ಒಯ್ಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬೇಡಿ, ಎಂಥ ಈಜುಗಾರನೂ ದಣಿಯುತ್ತಾನೆ. ಬೋರ್ಡನ್ನು ಮಾತ್ರ ಬಿಡಬೇಡಿ, ಅದು ನಿಮ್ಮನ್ನು ತೇಲಿಸುತ್ತದೆ. ಅದರ ಮೇಲೆ ಮಲಗಿ ಒಂದು ಕೈ ಮೇಲೆತ್ತಿ ಬೀಸಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಒಡೆಯುವ ಕಡೆಗೆ ಸಾಗಿ.

ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಈಜುವವರದ್ದು. ಸರ್ಫ್‌ಬೋರ್ಡ್ ಅಲ್ಲಿಗೆ ಒಯ್ಯುವಂತಿಲ್ಲ. ಕಪ್ಪು-ಬಿಳಿ ಚೌಕದ ಬಾವುಟ ಕಂಡರೆ ಅದು ಬೋರ್ಡ್‌ನವರ ಗಡಿ. ಯಾವ ಕಡೆ ಇಳಿಯಲಿ ಎಂದು ಲೈಫ್‌ಗಾರ್ಡನ್ನೇ ಕೇಳಿ. ನಮ್ಮಲ್ಲಿ ಅನೇಕರಿಗೆ ಸಮವಸ್ತ್ರದವರ ಹತ್ತಿರ ಹೋಗಿ ಮಾತಾಡಲು ಸಂಕೋಚ. ಹಾಗಂದುಕೊಳ್ಳಬೇಡಿ. ಅವರು ಬೆಳಗಿನಿಂದ ಆ ನೀರನ್ನೇ ನೋಡುತ್ತಿರುತ್ತಾರೆ, ಕೇಳಿದರೆ ಕೈ ಚಾಚಿ ಜಾಗ ತೋರಿಸುತ್ತಾರೆ. ತುರ್ತು ಕರೆಗೆ 000. ಆಂಬ್ಯುಲೆನ್ಸ್ ಖರ್ಚನ್ನು ಇಲ್ಲಿನ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇರ್ ಕೊಡುವುದಿಲ್ಲ, ಹಾಗಾಗಿ ನಿಮ್ಮ ಆರೋಗ್ಯ ವಿಮೆಯಲ್ಲಿ ಅದು ಸೇರಿದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ.

ಬಟ್ಟೆಯ ಚಿಂತೆಯಿಂದಲೇ ಹಿಂಜರಿಯುವ ಹೆಂಗಸರನ್ನು ಬಹಳ ನೋಡಿದ್ದೇನೆ. ಉದ್ದ ತೋಳಿನ ವೆಟ್‌ಸೂಟ್ ಕತ್ತಿನಿಂದ ಕಣಕಾಲಿನವರೆಗೆ ಮುಚ್ಚುತ್ತದೆ, ಬೋರ್ಡಿನ ಜೊತೆಗೇ ಬಾಡಿಗೆಗೆ ಸಿಗುತ್ತದೆ. ಉಂಗುರ, ಬಳೆ, ಓಲೆ, ಸರ ಎಲ್ಲ ಮನೆಯಲ್ಲೇ ಬಿಚ್ಚಿಡಿ. ತಣ್ಣೀರಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ. ಮುಖಕ್ಕೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ದಪ್ಪಗೆ ಬಳಿದುಕೊಳ್ಳಿ. ನಮ್ಮ ಚರ್ಮಕ್ಕೆ ಬೇಡ ಎಂಬ ಮಾತು ಇಲ್ಲಿನ ಬಿಸಿಲಲ್ಲಿ ನಡೆಯುವುದಿಲ್ಲ.

ಬೋರ್ಡ್ ಮಾತ್ರ ಎಂಟು ಅಡಿಗೆ ಕಡಿಮೆ ಇಲ್ಲದ, ಮೆತ್ತನೆಯ ಫೋಮ್‌ನದ್ದೇ ಆಗಲಿ. ಮೊದಲ ಸಲ ತರಬೇತಿ ಶಾಲೆಯ ಗುಂಪು ಪಾಠಕ್ಕೆ ಸೇರಿ. ನನಗೆ ಕಲಿಸಿದಾಕೆ ಮರಳಿನ ಮೇಲೆ ಬೆರಳಲ್ಲಿ ಬೋರ್ಡಿನ ಆಕಾರ ಗೀಚಿ, ನಡುವೆ ಉದ್ದಕ್ಕೆ ಒಂದು ಗೆರೆ ಎಳೆದು, ಅದರ ಮೇಲೆ ಮಲಗಲು ಹೇಳಿದಳು. ಅಂಗೈ ಪಕ್ಕೆಲುಬಿನ ಹತ್ತಿರ ಊರಬೇಕು. ಎದೆ ಎತ್ತಬೇಕು. ಹಿಂದಿನ ಕಾಲು ಅಡ್ಡಕ್ಕೆ ಇಟ್ಟು ಮುಂದಿನ ಕಾಲನ್ನು ಎರಡು ಕೈಗಳ ನಡುವೆ ತರಬೇಕು, ಎರಡೂ ಪಾದ ಆ ಗೆರೆಯ ಮೇಲೇ. ಎದ್ದ ಮೇಲೆ ಮೊಣಕಾಲು ಬಾಗಿಯೇ ಇರಲಿ. ಮರಳಿನ ಮೇಲೆ ಇದನ್ನು ಉಸಿರು ಏರುವವರೆಗೆ ಮಾಡಿ. ಯಾವ ಕಾಲು ಮುಂದೆ ಎಂದು ಗೊತ್ತಾಗದಿದ್ದರೆ ಕಣ್ಣು ಮುಚ್ಚಿ ನಿಲ್ಲಿ, ಯಾರಾದರೂ ಹಿಂದಿನಿಂದ ಮೆಲ್ಲಗೆ ತಳ್ಳಲಿ. ಆಸರೆಗೆ ಮುಂದೆ ಬಂದ ಕಾಲೇ ಸಾಮಾನ್ಯವಾಗಿ ಮುಂದಿನದು. ಲೀಶ್ ಕಟ್ಟುವುದು ಹಿಂದಿನ ಕಾಲಿಗೆ.

ನೀರಲ್ಲಿ ಸೊಂಟದ ಮಟ್ಟ ಸಾಕು. ಆಗಲೇ ಒಡೆದು ನೊರೆಯಾಗಿ ಬರುವ ಅಲೆಯೇ ನಿಮ್ಮದು. ಬೋರ್ಡ್ ಯಾವತ್ತೂ ಪಕ್ಕದಲ್ಲಿರಲಿ, ನಿಮಗೂ ಅಲೆಗೂ ನಡುವೆ ಬಂದರೆ ಅದು ಎದೆಗೋ ಮುಖಕ್ಕೋ ಬಡಿಯುತ್ತದೆ. ನೊರೆ ಹತ್ತಿರ ಬರುವಾಗ ಬೋರ್ಡಿನ ಮೂತಿಯನ್ನು, ಅಂದರೆ ಮುಂದಿನ ತುದಿಯನ್ನು, ನೇರ ದಡಕ್ಕೆ ತಿರುಗಿಸಿ ಮಲಗಿ. ಮೂತಿ ನೀರೊಳಗೆ ಮುಳುಗಿದರೆ ಒಂದು ಗೇಣು ಹಿಂದೆ ಸರಿಯಿರಿ. ಮೂತಿ ಆಕಾಶ ನೋಡಿ ಅಲೆ ನಿಮ್ಮನ್ನು ಬಿಟ್ಟು ಹೋದರೆ ಒಂದು ಗೇಣು ಮುಂದೆ. ಮೊದಮೊದಲು ನಿಲ್ಲಲೇ ಬೇಡಿ, ಹೊಟ್ಟೆಯ ಮೇಲೆ ಮಲಗಿಯೇ ದಡದವರೆಗೆ ಬನ್ನಿ. ಅಲೆ ಹಿಂದಿನಿಂದ ಎತ್ತಿ ತಳ್ಳುವ ಆ ಗಳಿಗೆ ಮೈಗೆ ಪರಿಚಯವಾಗಬೇಕು. ಆ ತಳ್ಳು ಬಂದು ಬೋರ್ಡ್ ಅಲುಗದೆ ಓಡತೊಡಗಿದ ಮೇಲೆ ಏಳಿ, ಅದಕ್ಕೆ ಮುಂಚೆ ಅಲ್ಲ. ದೃಷ್ಟಿ ದಡದ ಮರಗಳ ಮೇಲಿರಲಿ. ಪಾದ ನೋಡಿದಿರೋ ಬಿದ್ದಿರಿ. ಬೀಳುವಾಗ ತಲೆಕೆಳಗಾಗಿ ಧುಮುಕದೆ ಬೆನ್ನಿನ ಮೇಲೋ ಪಕ್ಕಕ್ಕೋ ಹರವಾಗಿ ಬೀಳಿ, ಕೆಳಗೆ ಮರಳು ಹತ್ತಿರದಲ್ಲೇ ಇದೆ. ಮೇಲೆ ಬರುವಾಗ ಎರಡೂ ತೋಳು ತಲೆಯ ಮೇಲಿರಲಿ.

ಬೇಸಿಗೆಯಲ್ಲಿ ಈಶಾನ್ಯ ಗಾಳಿ ಬ್ಲೂಬಾಟಲ್ ಎಂಬ ಕುಟುಕುವ ಕಡಲಜೀವಿಗಳನ್ನು ತಂದು ಹಾಕುತ್ತದೆ. ನೀಲಿ ಗುಳ್ಳೆ, ಉದ್ದ ದಾರದಂಥ ಬಾಲ. ಕುಟುಕಿದರೆ ಉಜ್ಜಬೇಡಿ. ದಾರವನ್ನು ಎತ್ತಿ ತೆಗೆದು, ಸಮುದ್ರದ ನೀರಲ್ಲಿ ತೊಳೆದು, ಮೈ ತಾಳುವಷ್ಟು ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ಇಡಿ. ಬಹಳಷ್ಟು ಜನ ವಿನೆಗರ್ ಸುರಿಯಲು ಹೇಳುತ್ತಾರೆ, ಬ್ಲೂಬಾಟಲ್‌ಗೆ ಅದು ಬೇಡ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ 000ಕ್ಕೆ ಕರೆ ಮಾಡಿ.

ಒಂದೂವರೆ ಗಂಟೆಗೆ ತೋಳು ಸೋಲುತ್ತದೆ, ಆಗ ಹೊರಗೆ ಬಂದುಬಿಡಿ. ನೊರೆಯಲ್ಲಿ ಹೆಚ್ಚಿನ ಸಲ ನಿಲ್ಲಲು ಬಂದ ಮೇಲೆಯೇ ಒಡೆಯದ ಹಸಿರು ಅಲೆಗಳ ಕಡೆ ಹೋಗುವ ಮಾತು. ಅಲ್ಲಿ ಅಲೆ ಒಡೆಯಲು ಶುರುವಾಗುವ ತುದಿಗೆ ಯಾರು ಹತ್ತಿರವೋ ಅಲೆ ಅವರದ್ದು, ಎದುರಿಗೆ ನುಗ್ಗಬಾರದು. ಸ್ವಂತ ಬೋರ್ಡ್ ಕೊಳ್ಳುವುದಕ್ಕೆ ಅಷ್ಟರವರೆಗೆ ಕಾಯಿರಿ. ಕೊಂಡರೂ ಹಳೆಯ ಫೋಮ್ ಬೋರ್ಡೇ ಸಾಕು. ಎತ್ತಿ ನೋಡಿ, ತೀರಾ ಭಾರ ಅನಿಸಿದರೆ ಒಳಗೆ ನೀರು ಹೀರಿಕೊಂಡಿದೆ ಎಂದರ್ಥ, ಅಂಥದ್ದನ್ನು ಬಿಟ್ಟುಬಿಡಿ.